ಕೌದಿಯ ಮನೆ ಕಟ್ಟುವುದು: ಹೊಸಬರ ಪಾಠಕ್ಕೆ ಕೆಲವು ವಿಚಾರಗಳು

ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ಅವುಗಳ ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿಟ್ಟು, ಎಲ್ಲವನ್ನೂ ಕೈದಾರದಿಂದ ಒತ್ತೊತ್ತಾಗಿ ಹೊಲಿದು ಮಾಡಿದ ಹೊದಿಕೆಯನ್ನು ನಮ್ಮ ನಾಡಿನಲ್ಲಿ ಕೌದಿಯೆಂದು ಕರೆಯುತ್ತಾರೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳೆಯ ಮನೆಗಳಲ್ಲಿ ಒಂದರ ಮೇಲೊಂದು ಮಡಿಸಿಟ್ಟ ಕೌದಿಗಳ ಒಟ್ಟಿಲನ್ನು ಕಾಣದಿರುವುದು ಅಪರೂಪ. ಇಂಥ ಗೃಹೋಪಯೋಗಿ ವಸ್ತುವನ್ನು ಕುರಿತು, ಅದರಲ್ಲಿಯೂ ಅದನ್ನು ಹೊಲಿಯುವ ಕ್ರಮವನ್ನು ಕುರಿತು, ಇತಿಹಾಸ ವಿಭಾಗದ ವಾರ್ಷಿಕ ಪತ್ರಿಕೆಯಲ್ಲಿ ಬರೆಯುವುದೇಕೆಂದು ವಾಚಕರು ಕೇಳಬಹುದು. ಲಿಪಿಯನ್ನು ಕಲಿಯದವನು ಶಾಸನವನ್ನು ಓದಲಾರನು. ಅಂತೆಯೇ ತುಂಡನ್ನು ತುಂಡಿಗೆ ಕೂಡಿಸುವ ಕೆಲಸವನ್ನು ಒಮ್ಮೆಯಾದರೂ ಮಾಡದವನು ಕೌದಿಯನ್ನು ನೋಡಬಲ್ಲನೇ ಹೊರತು ಅದರಿಂದ ಏನನ್ನೂ ತಿಳಿಯಲಾರನು. ಬರೆದಿಡದ ಹೆಂಗಸರ ಬದುಕಿಗೆ ಇದಕ್ಕಿಂತ ಹತ್ತಿರದ ದಾಖಲೆ ನಮ್ಮಲ್ಲಿ ಹೆಚ್ಚಿಲ್ಲ. ಆದುದರಿಂದ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಯಾವ ಕ್ರಮದಲ್ಲಿ ಕಲಿಸಬಹುದು, ಹೊಸಬರು ಎಲ್ಲಿ ಎಡವುತ್ತಾರೆ, ಅದಕ್ಕೆ ಕಾರಣವೇನು ಎಂಬುದನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ತುಂಡುಬಟ್ಟೆಯ ಜೋಡಣೆ ಕೇವಲ ಬಡತನದ ಕೂಸೆಂಬುದು ಸಾಮಾನ್ಯವಾದ ಅಭಿಪ್ರಾಯ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯಲು ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ ನೆರವಾಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದಾಗ ಬುದ್ಧನು ಮಗಧದ ಗದ್ದೆಗಳನ್ನು ಆನಂದನಿಗೆ ತೋರಿಸಿ, ಬದುಗಳಿಂದ ಚೌಕಚೌಕವಾಗಿ ವಿಭಾಗಗೊಂಡ ಆ ಭೂಮಿಯ ಮಾದರಿಯಲ್ಲಿ ಭಿಕ್ಷುಗಳಿಗೆ ಚೀವರವನ್ನು ಸಿದ್ಧಪಡಿಸಲಾದೀತೇ ಎಂದು ಕೇಳಿದನಂತೆ. ಆನಂದನು ಅದರಂತೆ ಹೊಲಿದು ತೋರಿಸಿದನು. ಕತ್ತರಿಸಿ ಕೂಡಿಸಿದ ಬಟ್ಟೆಯು ಒರಟಾದುದು, ಶ್ರಮಣರಿಗೆ ತಕ್ಕುದು, ವೈರಿಗಳು ಆಸೆಪಡದಂಥದು ಎಂದು ಅಲ್ಲಿ ಕಾರಣಗಳನ್ನೂ ಕೊಟ್ಟಿದೆ. ಇಲ್ಲಿ ನಮಗೆ ಮುಖ್ಯವಾದುದು ಬೇರೊಂದು ಅಂಶ: ಹರಕುಬಟ್ಟೆಗೂ ಒಂದು ನಕ್ಷೆ ಬೇಕು, ಆ ನಕ್ಷೆಗೆ ಅಳತೆ ಬೇಕು, ಗದ್ದೆಗೆ ಬದುವಿರುವಂತೆ ತುಂಡಿಗೆ ಹೊಲಿಗೆಯ ಅಂಚು ಬೇಕು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. ಸಂನ್ಯಾಸಿಗಳ ಕಂಥೆ, ಬಂಗಾಳದ ಕಾಂಥಾ, ಸಿಂಧದ ರಲ್ಲಿ, ನಮ್ಮ ಕೌದಿ ಇವೆಲ್ಲ ಈ ತಿಳಿವಳಿಕೆಯ ಬೇರೆಬೇರೆ ಕವಲುಗಳು.

ಈಗ ಸ್ಥಳದ ವಿಚಾರಕ್ಕೆ ಬರೋಣ. ಬೆಂಗಳೂರಿನ ಹೊರವಲಯದ ಮೂರು ಪ್ರಸಿದ್ಧ ಕೇಂದ್ರಗಳಲ್ಲಿ ವೈಟ್‌ಫೀಲ್ಡ್ ೧೮೮೨ರಲ್ಲಿ ಆಂಗ್ಲೋ ಇಂಡಿಯನ್ನರ ವ್ಯವಸಾಯದ ವಸತಿಯಾಗಿ ಆರಂಭವಾಯಿತು. ಎಲೆಕ್ಟ್ರಾನಿಕ್ ಸಿಟಿ ೧೯೭೦ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದ ಮೇಲೆ ಎದ್ದಿತು. ಪೀಣ್ಯದ ಕೈಗಾರಿಕಾ ಪ್ರದೇಶವೂ ಅದೇ ದಶಕದಲ್ಲಿ ಬೆಳೆಯತೊಡಗಿತು. ಪ್ರಕೃತ ವಿಷಯಕ್ಕೆ ಪೀಣ್ಯವೇ ಹೆಚ್ಚು ಪ್ರಸಕ್ತವಾದುದು. ಅಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆಗಳ ಜೊತೆಗೆ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರಗಳ ಒಂದು ಕೋಣೆಯ ಮನೆಗಳಲ್ಲಿ ಆ ಕಾರ್ಖಾನೆಗಳ ಹೆಣ್ಣಾಳುಗಳು ವಾಸವಾಗಿದ್ದಾರೆ. ೨೦೧೬ರ ಏಪ್ರಿಲ್ ತಿಂಗಳ ೧೮ ಮತ್ತು ೧೯ರಂದು ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರ್ಕಾರ ಹಾಕಿದ್ದ ನಿರ್ಬಂಧದ ವಿರುದ್ಧ ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತಡೆದು ನಿಂತವರು ಇವರೇ. ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಪತ್ರಿಕೆಗಳು ಅವರನ್ನು ಸಾವಿರಗಳಲ್ಲಿ ಎಣಿಸಿದವು. ಹೆಸರಿನಿಂದ ಕರೆದುದು ಕಡಿಮೆ.

ಈ ಹೆಂಗಸರಲ್ಲಿ ಉತ್ತರದ ಜಿಲ್ಲೆಗಳಿಂದ ಬಂದವರು ಅನೇಕರಿದ್ದಾರೆ. ಅವರ ತಾಯಂದಿರು, ಅಜ್ಜಿಯರು ಕೌದಿ ಹೊಲಿದವರು. ಇಲ್ಲವೇ ಊರೂರು ತಿರುಗಿ ಮನೆಯ ಜಗಲಿಯಲ್ಲಿ ಕುಳಿತು ಕೌದಿ ಹೊಲಿದುಕೊಡುವ ಗೊಂದಲಿಗ ಮೊದಲಾದ ಸಮುದಾಯಗಳ ಹೆಂಗಸರನ್ನು ಕಂಡವರು. ಪೀಣ್ಯದಲ್ಲಿ ಬಟ್ಟೆಗೆ ಕೊರತೆಯಿಲ್ಲ. ಕತ್ತರಿಸುವ ಮೇಜಿನಿಂದ ಬಿದ್ದ ತುಂಡುಗಳು ಚೀಲಗಟ್ಟಲೆ ತೂಕದ ಮೇಲೆ ಮಾರಾಟವಾಗುತ್ತವೆ. ಹೊಲಿಗೆಯ ಕೈಗಳಿಗೂ ಕೊರತೆಯಿಲ್ಲ. ಆದರೆ ಕಾರ್ಖಾನೆಯ ಸಾಲಿನಲ್ಲಿ ಕುಳಿತವಳು ದಿನವೆಲ್ಲ ಕೊರಳಪಟ್ಟಿಯನ್ನೇ, ಇಲ್ಲವೆ ತೋಳನ್ನೇ, ಇಲ್ಲವೆ ಕಿಸೆಯನ್ನೇ ಕೂಡಿಸುತ್ತಾಳೆ. ಒಂದು ಅಂಗಿಯನ್ನು ಆದಿಯಿಂದ ಅಂತ್ಯದವರೆಗೆ ಹೊಲಿಯುವ ಸಂದರ್ಭ ಅವಳಿಗೆ ಬಾರದು. ಹೀಗೆ ಬಟ್ಟೆ, ಕೈ, ನೆನಪು ಮೂರೂ ಒಂದೇ ಬಡಾವಣೆಯಲ್ಲಿದ್ದರೂ ಕೂಡಿಬರುವುದಿಲ್ಲ. ಅಜ್ಜಿಗೆ ತಿಳಿದದ್ದು ಮೊಮ್ಮಗಳನ್ನು ತಲುಪದೆ ಹೋಗಲು ಇಷ್ಟು ಸಾಕು. ಈ ವಿದ್ಯೆ ಗ್ರಂಥದಲ್ಲಿ ಇಲ್ಲವಾದ್ದರಿಂದ ಒಮ್ಮೆ ಕಡಿದರೆ ಮತ್ತೆ ಹುಡುಕಲು ಜಾಗವಿಲ್ಲ. ನಮ್ಮ ವಿದ್ಯಾರ್ಥಿಗಳೊಡನೆ ಕೆಲವು ಭಾನುವಾರ ಆ ಕಡೆಯ ಹೆಂಗಸರ ಜೊತೆಯಲ್ಲಿ ಕುಳಿತು ಕಲಿಯುವ, ಕಲಿಸುವ ಪ್ರಯತ್ನ ಮಾಡಿದಾಗ ಕಂಡುಕೊಂಡ ಕ್ರಮವನ್ನೇ ಮುಂದೆ ಹೇಳುತ್ತಿದ್ದೇವೆ.

ತುಂಡುಗಳನ್ನು ಕೂಡಿಸಲು ಮೂಲತಃ ಎರಡು ಮಾರ್ಗಗಳಿವೆ. ಮೊದಲನೆಯದರಲ್ಲಿ ಕೆಳಗೆ ಒಂದು ಅಡಿಬಟ್ಟೆಯಿರುತ್ತದೆ. ತುಂಡಿನ ಅಂಚನ್ನು ಒಳಕ್ಕೆ ಮಡಿಸಿ ಅದನ್ನು ಅಡಿಬಟ್ಟೆಯ ಮೇಲೆ ಹೊಲಿಯುತ್ತಾರೆ. ಕೌದಿಯ ಸಾಂಪ್ರದಾಯಿಕ ಮಾರ್ಗ ಇದು. ಎರಡನೆಯದರಲ್ಲಿ ಅಡಿಬಟ್ಟೆಯಿಲ್ಲ, ಒಂದೇ ಅಳತೆಗೆ ಕತ್ತರಿಸಿದ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದು ಒಂದು ಚೌಕವನ್ನು ಮಾಡುತ್ತಾರೆ, ಅಂಥ ಚೌಕಗಳನ್ನು ಮತ್ತೆ ಒಂದಕ್ಕೊಂದು ಕೂಡಿಸುತ್ತಾರೆ. ಅಮೆರಿಕದಲ್ಲಿ ಬಹುವಾಗಿ ಬೆಳೆದ ಮಾರ್ಗ ಇದು. ಅಲ್ಲಿ ಅಂಥ ಚೌಕಕ್ಕೆ ಬ್ಲಾಕ್ ಎನ್ನುತ್ತಾರೆ. ನಾವು ಅದನ್ನು ಮನೆಯೆಂದು ಕರೆಯುತ್ತೇವೆ. ಚೌಕಾಬಾರ ಆಡಿದ ಯಾರಿಗೂ ಈ ಮಾತಿಗೆ ವಿವರಣೆ ಬೇಕಾಗಲಾರದು.

ಇವೆರಡರ ವ್ಯತ್ಯಾಸ ಕೇವಲ ರೂಪದ್ದಲ್ಲ, ಬಲದ್ದು. ಅಡಿಬಟ್ಟೆಯಿದ್ದಾಗ ಎಳೆತದ ಭಾರವೆಲ್ಲ ಅಡಿಬಟ್ಟೆಯ ಮೇಲೆ ಬೀಳುತ್ತದೆ. ಮೇಲಿನ ತುಂಡು ಜೀರ್ಣವಾಗಿದ್ದರೂ, ಓರೆಯಾಗಿ ಕತ್ತರಿಸಿದ್ದರೂ, ಅಂಗುಲದಷ್ಟು ಹೆಚ್ಚುಕಡಿಮೆಯಾದರೂ ಕೌದಿ ಕೆಡುವುದಿಲ್ಲ. ನಲವತ್ತು ವರ್ಷ ಉಟ್ಟು ಸವೆದ ಸೀರೆಯನ್ನು ಮತ್ತೆ ಬಳಸುವ ಮನೆಗೆ ಇದೇ ತಕ್ಕ ಉಪಾಯ. ಅಂಚಿಗೆ ಅಂಚು ಸೇರಿಸಿದಾಗ ಭಾರವೆಲ್ಲ ಹೊಲಿಗೆಯ ಮೇಲೆಯೂ ಹೊಲಿಗೆಯ ಪಕ್ಕದ ನೂಲಿನ ಮೇಲೆಯೂ ಬೀಳುತ್ತದೆ. ಬಟ್ಟೆ ಗಟ್ಟಿಯಾಗಿರಬೇಕು, ಅಳತೆ ಕರಾರುವಾಕ್ಕಾಗಿರಬೇಕು. ಹೊಸ ಬಟ್ಟೆ ಹೇರಳವಾಗಿರುವಲ್ಲಿ ಈ ಮಾರ್ಗ ಸಲ್ಲುತ್ತದೆ. ಪೀಣ್ಯದ ಚೀಲದಲ್ಲಿರುವುದು ಹೊಸ ಬಟ್ಟೆ. ಊರಿನಿಂದ ಬಂದ ಪೆಟ್ಟಿಗೆಯಲ್ಲಿರುವುದು ಹಳೆಯ ಬಟ್ಟೆ. ಆದುದರಿಂದ ಅಲ್ಲಿನ ಹೊಸಬರಿಗೆ ಎರಡನ್ನೂ ಕಲಿಸಬೇಕು. ಆದರೆ ಅಡಿಬಟ್ಟೆಯ ಮಾರ್ಗವನ್ನು ಮೊದಲು ಕಲಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ವೈಟ್‌ಫೀಲ್ಡಿನ ಎತ್ತರದ ವಸತಿಗೃಹಗಳಲ್ಲಿ ಅಂಚಿನ ಮಾರ್ಗವನ್ನೇ ಮೊದಲಿಗೆ ಹಿಡಿದು, ಅಳತೆ ತಪ್ಪಿ, ಅರ್ಧಕ್ಕೆ ಬಿಟ್ಟ ಕೆಲಸವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವರನ್ನು ನಾವು ಬಲ್ಲೆವು.

ಎಲ್ಲಕ್ಕೂ ಮುಂಚೆ ಬಟ್ಟೆಯನ್ನು ವಿಂಗಡಿಸಬೇಕು. ಮೊದಲ ದಿನದ ಪಾಠದಲ್ಲಿ ಸೂಜಿಯನ್ನು ಕೊಡದೆ ಇದನ್ನು ಮಾತ್ರ ಮಾಡಿಸುವುದು ಒಳ್ಳೆಯದು. ತುಂಡನ್ನು ಎರಡು ಕೈಗಳಲ್ಲಿ ಹಿಡಿದು ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಅದು ಹೆಣೆದ ಬಟ್ಟೆ, ಬನಿಯನ್ನು ಮತ್ತು ಟೀ ಷರಟುಗಳದು. ಹೊಸಬರು ಅದನ್ನು ಮುಟ್ಟಬಾರದು. ಹಿಗ್ಗದಿದ್ದರೆ ಅದು ನೇಯ್ದ ಬಟ್ಟೆ. ಅದರಿಂದ ಒಂದು ನೂಲನ್ನು ಕಿತ್ತು ಸುಟ್ಟು ನೋಡಬೇಕು. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಕರಗುವ ಬಟ್ಟೆ ಬಿಸಿ ಇಸ್ತ್ರಿಗೆ ತಡೆಯದು, ಅಂಚನ್ನು ಮಡಿಸಿದರೆ ಮಡಿಕೆ ನಿಲ್ಲದು. ಹತ್ತಿಯನ್ನು ನೀರಿನಲ್ಲಿ ಒಮ್ಮೆ ಒಗೆಯಲೇಬೇಕು. ಹೊಸ ಹತ್ತಿ ನೀರು ಕಂಡೊಡನೆ ಕುಗ್ಗುತ್ತದೆ. ಒಗೆದ ಹಳೆಯ ಸೀರೆಯ ಪಕ್ಕದಲ್ಲಿ ಒಗೆಯದ ಹೊಸ ತುಂಡನ್ನು ಹೊಲಿದರೆ ಮೊದಲ ಒಗೆತದಲ್ಲಿಯೇ ಕೌದಿ ಸುಕ್ಕುಗಟ್ಟುತ್ತದೆ. ಕೆಂಪು, ಕಡುನೀಲಿ ತುಂಡುಗಳನ್ನು ಬಿಳಿಯ ಚಿಂದಿಯೊಡನೆ ನೆನೆಸಿ ಬಣ್ಣ ಬಿಡುವುದೇ ಎಂದು ನೋಡುವುದು ಇದೇ ಹಂತದಲ್ಲಿ.

ಇದಾದ ಮೇಲೆ ಹಾಸು ಹೊಕ್ಕುಗಳ ಪರಿಚಯ. ನೇಯ್ದ ಬಟ್ಟೆಯನ್ನು ಹಾಸಿನ ದಿಕ್ಕಿನಲ್ಲಿ ಎಳೆದರೆ ಹಿಗ್ಗದು, ಹೊಕ್ಕಿನ ದಿಕ್ಕಿನಲ್ಲಿ ಸ್ವಲ್ಪ ಹಿಗ್ಗುವುದು, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಬಹಳ ಹಿಗ್ಗುವುದು. ಕಾರ್ಖಾನೆಯ ತುಂಡುಗಳು ತೋಳಿನ ಬಳಸು, ಕೊರಳಿನ ಬಳಸುಗಳನ್ನು ಕತ್ತರಿಸಿ ಉಳಿದವಾದ್ದರಿಂದ ಅವುಗಳ ಅಂಚು ಬಹುಪಾಲು ಓರೆಯಾಗಿರುತ್ತದೆ. ಅಂಥ ಅಂಚನ್ನು ನಂಬಿ ಅಳತೆಪಟ್ಟಿಯನ್ನಿಟ್ಟವರು ಕೆಡುತ್ತಾರೆ. ಒಂದು ನೂಲನ್ನು ಎಳೆದು, ಅದು ಬಿಟ್ಟುಹೋದ ಗೆರೆಯನ್ನೇ ನೇರವೆಂದು ಹಿಡಿದು ಕತ್ತರಿಸಬೇಕು. ಕಸೂತಿಯನ್ನು ಬಲ್ಲ ಧಾರವಾಡದ ಹೆಂಗಸರಿಗೆ ಇದು ಅರಿವಿದ್ದುದೇ. ನೂಲನ್ನು ಎಣಿಸದೆ ಕಸೂತಿಯಿಲ್ಲ. ಕೌದಿಯ ಕೈ ನೂಲನ್ನು ಎಣಿಸುವುದಿಲ್ಲ, ಆದರೆ ನೂಲಿನ ದಿಕ್ಕನ್ನು ಬೆರಳಿನಿಂದಲೇ ಅರಿಯುತ್ತದೆ. ನಾವು ಕಂಡ ಹಿರಿಯ ಹೆಂಗಸೊಬ್ಬರು ಕಣ್ಣು ಮುಚ್ಚಿ ತುಂಡನ್ನು ಸವರಿ, ಹಾಸು ಯಾವುದು ಹೊಕ್ಕು ಯಾವುದು ಎಂದು ಹೇಳಿಬಿಡುತ್ತಿದ್ದರು. ಪದವಿ ತರಗತಿಯ ನಮ್ಮ ವಿದ್ಯಾರ್ಥಿಗಳಿಗೆ ಅದು ಇಂದ್ರಜಾಲದಂತೆ ತೋರಿತು.

ಮೊದಲ ಮನೆಯನ್ನು ಹೀಗೆ ಕಟ್ಟಿಸಬಹುದು. ಏಳು ಅಂಗುಲದ ಚೌಕವಾದ ಹಳೆಯ ಹತ್ತಿಬಟ್ಟೆಯನ್ನು ಅಡಿಬಟ್ಟೆಯಾಗಿ ತೆಗೆದುಕೊಂಡು ಅದರ ನಡುವೆ ಒಂದು ಚಿಕ್ಕ ಚೌಕದ ತುಂಡನ್ನು ಮುಖ ಮೇಲಾಗಿ ಇಡಬೇಕು. ಎರಡನೆಯ ತುಂಡನ್ನು ಅದರ ಮೇಲೆ ಮುಖ ಕೆಳಗಾಗಿಟ್ಟು, ಒಂದು ಬದಿಯ ಅಂಚುಗಳನ್ನು ಸರಿಹೊಂದಿಸಿ, ಎರಡು ತುಂಡು ಮತ್ತು ಅಡಿಬಟ್ಟೆ ಮೂರನ್ನೂ ಹಿಡಿಯುವಂತೆ ಹೊಲಿಯಬೇಕು. ಅನಂತರ ಮೇಲಿನ ತುಂಡನ್ನು ಹೊರಳಿಸಿ ಉಗುರಿನಿಂದ ಗೀರಿ ಕೂರಿಸಬೇಕು. ಮೂರನೆಯದು ಇವೆರಡರ ಬದಿಗೆ, ನಾಲ್ಕನೆಯದು ಮುಂದಿನ ಬದಿಗೆ, ಹೀಗೆ ಪ್ರದಕ್ಷಿಣೆಯಾಗಿ ಸುತ್ತುತ್ತ ಹೋಗಿ ಅಡಿಬಟ್ಟೆ ಪೂರ್ತಿ ಮುಚ್ಚಿದ ಮೇಲೆ ಆರೂವರೆ ಅಂಗುಲದ ಚೌಕಕ್ಕೆ ಕತ್ತರಿಸಬೇಕು. ತುಂಡುಗಳು ಯಾವ ಅಗಲದವಾದರೂ ಚಿಂತೆಯಿಲ್ಲ; ಕೊನೆಯ ಕತ್ತರಿ ಎಲ್ಲ ಮನೆಗಳನ್ನೂ ಸಮಮಾಡುತ್ತದೆ. ಅಮೆರಿಕದಲ್ಲಿ ಈ ಬಗೆಗೆ ಮರದ ದಿಮ್ಮಿಯ ಗುಡಿಸಲೆಂಬ ಅರ್ಥದ ಹೆಸರಿದೆ, ನಡುವಿನ ತುಂಡನ್ನು ಕೆಂಪು ಮಾಡಿ ಅದನ್ನು ಒಲೆಯೆನ್ನುತ್ತಾರೆ. ಅವರೂ ಅದನ್ನು ಮನೆಯೆಂದೇ ಕಂಡರೆಂಬುದು ಸಂತೋಷದ ವಿಷಯ.

ಇಂಥ ನಾಲ್ಕಾರು ಮನೆಗಳಾದ ಮೇಲೆ ಅಂಚಿನ ಮಾರ್ಗಕ್ಕೆ ಹೋಗಬಹುದು. ಒಂಬತ್ತು ಚೌಕಗಳ ಮನೆ ಇದಕ್ಕೆ ಯೋಗ್ಯ. ಹಳೆಯ ಆಮಂತ್ರಣಪತ್ರಿಕೆಯ ದಪ್ಪ ಕಾಗದದಿಂದ ಎರಡೂವರೆ ಅಂಗುಲದ ಅಚ್ಚನ್ನು ಮಾಡಿಕೊಂಡು ಗಾಢವರ್ಣದ ಐದು, ತಿಳಿವರ್ಣದ ನಾಲ್ಕು ಚೌಕಗಳನ್ನು ಕತ್ತರಿಸಬೇಕು. ಎಲ್ಲ ಬದಿಗೂ ಕಾಲಂಗುಲ ಹೊಲಿಗೆಯಂಚಿಗೆ ಹೋಗಿ ಪ್ರತಿ ಚೌಕ ಎರಡು ಅಂಗುಲವಾಗಿ ಉಳಿಯುತ್ತದೆ. ಮೂರು ಸಾಲು ಕೂಡಿದಾಗ ಮನೆ ಆರು ಅಂಗುಲ, ಸುತ್ತಲ ಅಂಚೂ ಸೇರಿ ಆರೂವರೆ. ಸಾಲುಗಳನ್ನು ಮೊದಲು ಮಾಡಿಕೊಂಡು ಅನಂತರ ಸಾಲಿಗೆ ಸಾಲನ್ನು ಸೇರಿಸಬೇಕು. ಒಂದನೆಯ ಮತ್ತು ಮೂರನೆಯ ಸಾಲಿನ ಹೊಲಿಗೆಯಂಚುಗಳನ್ನು ಬಲಕ್ಕೂ ಎರಡನೆಯದರ ಅಂಚುಗಳನ್ನು ಎಡಕ್ಕೂ ಮಡಿಸಿ ಇಸ್ತ್ರಿ ಮಾಡಿದರೆ, ಸಾಲುಗಳನ್ನು ಒಂದರ ಮೇಲೊಂದಿಟ್ಟಾಗ ಮಡಿಕೆಗಳು ಒಂದಕ್ಕೊಂದು ತಗುಲಿ ಮೂಲೆಗಳು ತಾವಾಗಿ ಕೂಡುತ್ತವೆ. ಈ ಚಿಕ್ಕ ಉಪಾಯವನ್ನು ತೋರಿಸಿದ ದಿನ ತರಗತಿಯಲ್ಲಿ ಉಂಟಾಗುವ ಉಲ್ಲಾಸವನ್ನು ಕಂಡೇ ತಿಳಿಯಬೇಕು.

ಕಾಲಂಗುಲದ ಅಂಚನ್ನು ಕುರಿತು ಹೊಸಬರು ತೋರುವ ಉದಾಸೀನವನ್ನು ಲೆಕ್ಕದಿಂದಲೇ ನಿವಾರಿಸಬೇಕು. ಅಂಚು ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಅಗಲವಾಯಿತೆನ್ನೋಣ. ಕಣ್ಣಿಗೆ ಕಾಣದ ವ್ಯತ್ಯಾಸ. ಆದರೆ ಒಂದು ಹೊಲಿಗೆ ಎರಡು ತುಂಡುಗಳಿಂದಲೂ ಅಷ್ಟಷ್ಟನ್ನು ತಿನ್ನುವುದರಿಂದ ನಷ್ಟ ಎಂಟನೆಯ ಒಂದು ಪಾಲಾಯಿತು. ಹತ್ತು ಮನೆಗಳ ಒಂದು ಸಾಲಿನಲ್ಲಿ ಮೂವತ್ತು ಚೌಕಗಳು, ಅವುಗಳ ನಡುವೆ ಇಪ್ಪತ್ತೊಂಬತ್ತು ಹೊಲಿಗೆಗಳು. ಒಟ್ಟು ನಷ್ಟ ಮೂರೂವರೆ ಅಂಗುಲಕ್ಕೂ ಹೆಚ್ಚು. ಅರವತ್ತು ಅಂಗುಲವಾಗಬೇಕಿದ್ದ ಸಾಲು ಐವತ್ತಾರೂವರೆಗೆ ನಿಲ್ಲುತ್ತದೆ. ಪಕ್ಕದ ಸಾಲನ್ನು ಬೇರೊಬ್ಬರು ಸರಿಯಾಗಿ ಹೊಲಿದಿದ್ದರೆ ಎರಡೂ ಕೂಡುವ ಮಾತೇ ಇಲ್ಲ. ಇಬ್ಬರದೂ ಒಂದೇ ರೀತಿ ತಪ್ಪಿದ್ದರೆ ಕೂಡುತ್ತವೆಂಬುದು ಗಮನಿಸಬೇಕಾದ ಅಂಶ. ಆದುದರಿಂದಲೇ ಒಂದು ಹೊದಿಕೆಗೆ ಹಲವರು ಮನೆಗಳನ್ನು ಕಟ್ಟುವಾಗ ಎಲ್ಲರೂ ಒಂದೇ ಅಚ್ಚನ್ನೂ ಒಂದೇ ಗುರುತನ್ನೂ ಬಳಸಬೇಕು.

ಇಲ್ಲಿ ಕಾರ್ಖಾನೆಯ ಹೆಂಗಸರ ವಿಚಾರದಲ್ಲಿ ಒಂದು ಮಾತು. ಅವರು ಹೊಸಬರೂ ಹೌದು, ಅಲ್ಲವೂ ಹೌದು. ವಿದ್ಯುತ್ ಯಂತ್ರದ ಮೇಲೆ ಅವರು ಹಾಕುವ ನೇರ ಹೊಲಿಗೆಯನ್ನು ನಮ್ಮ ವಿದ್ಯಾರ್ಥಿಗಳು ವರ್ಷವಿಡೀ ಅಭ್ಯಾಸ ಮಾಡಿದರೂ ಸಾಧಿಸಲಾರರು. ಆದರೆ ಉಡುಪಿನ ಹೊಲಿಗೆಯಲ್ಲಿ ಸಾಮಾನ್ಯವಾಗಿ ಬಿಡುವ ಅಂಚು ಒಂದು ಸೆಂಟಿಮೀಟರಿನಷ್ಟು, ಎಂದರೆ ಕಾಲಂಗುಲಕ್ಕಿಂತ ಅರ್ಧದಷ್ಟು ಹೆಚ್ಚು. ಅವರ ಕೈ ಆ ಅಳತೆಗೇ ಒಗ್ಗಿರುತ್ತದೆ. ಅದನ್ನು ತಿದ್ದಹೋಗದೆ, ಅವರ ಗುಂಪಿಗೆ ಅಚ್ಚನ್ನೇ ದೊಡ್ಡದು ಮಾಡಿಕೊಡುವುದು ಜಾಣತನ. ಅವರಿಗೆ ಕಷ್ಟವಾಗುವುದು ಹೊಲಿಗೆಯಲ್ಲ. ಯಾವ ತುಂಡಿನ ಪಕ್ಕದಲ್ಲಿ ಯಾವುದನ್ನು ಇಡಬೇಕೆಂಬ ನಿರ್ಣಯ. ಸಾಲಿನ ಕೆಲಸದಲ್ಲಿ ಆ ನಿರ್ಣಯವನ್ನು ಬೇರೆ ಯಾರೋ ಮಾಡಿಟ್ಟಿರುತ್ತಾರೆ. ಮೊದಮೊದಲು ಅವರು ನಮ್ಮನ್ನೇ ಕೇಳುತ್ತಿದ್ದರು, ನಾವು ಹೇಳಲಿಲ್ಲ. ಎರಡನೆಯ ಭಾನುವಾರ ಒಬ್ಬಾಕೆ ತುಂಡುಗಳನ್ನು ನೆಲದ ಮೇಲೆ ಹರಡಿ, ಎದ್ದು ನಿಂತು, ದೂರದಿಂದ ನೋಡಿ, ಮತ್ತೆ ಕುಳಿತು ಎರಡನ್ನು ಅದಲುಬದಲು ಮಾಡಿದರು. ಅಲ್ಲಿಂದ ಮುಂದೆ ಯಾರೂ ಕೇಳಲಿಲ್ಲ.

ಒಂಬತ್ತರ ಮನೆ ಕೈವಶವಾದ ಬಳಿಕ ಚೌಕಾಬಾರದ ಮನೆಯನ್ನು ಕಟ್ಟಿಸಬಹುದು. ಸಾಲಿಗೆ ಐದರಂತೆ ಇಪ್ಪತ್ತೈದು ಚೌಕ. ನಡುವಿನದೊಂದು, ನಾಲ್ಕು ಬದಿಗಳ ಮಧ್ಯದವು ನಾಲ್ಕು, ಒಟ್ಟು ಐದು ಚೌಕಗಳು ಗಾಢವರ್ಣದವು, ಉಳಿದ ಇಪ್ಪತ್ತು ತಿಳಿಯವು. ಆ ಐದರ ಮೇಲೆ ಆಟದ ಹಲಗೆಯಲ್ಲಿರುವಂತೆ ದಾರದಿಂದ ಕತ್ತರಿಗೆರೆಯನ್ನು ಹೊಲಿಯಬೇಕು. ಹತ್ತು ಅಂಗುಲದ ಈ ಮನೆ ನೋಡಲು ಸೊಗಸಾಗಿರುವುದಲ್ಲದೆ, ಹೊದಿಕೆಯ ಮೇಲೆಯೇ ಮಕ್ಕಳು ಕವಡೆ ಹಾಕಿ ಆಡಲು ಬರುತ್ತದೆ. ಗುಳೇದಗುಡ್ಡದ ಖಣದ ತುಂಡುಗಳು ದೊರೆತರೆ ಗಾಢವರ್ಣಕ್ಕೆ ಅವಕ್ಕಿಂತ ಒಳ್ಳೆಯದಿಲ್ಲ. ಖಣದಿಂದ ಹೊಲಿದ ಕೂಸಿನ ಕುಂಚಿಗೆಯನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ.

ಮನೆಗಳೇ ಇಲ್ಲದ ಕೌದಿಯೂ ನಮ್ಮ ರಾಜ್ಯದಲ್ಲಿದೆ ಎಂಬುದನ್ನು ಹೊಸಬರಿಗೆ ತಿಳಿಸದಿದ್ದರೆ ಚೌಕವೇ ಸರ್ವಸ್ವವೆಂಬ ಭ್ರಮೆ ಉಂಟಾದೀತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರದೇಶಗಳ ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಮೊದಲು ಒಂದು ಸೀರೆಯನ್ನು ಹಾಸಿ, ಮೂಲೆಯಿಂದ ಆರಂಭಿಸಿ, ಕೈಗೆ ಸಿಕ್ಕ ತುಂಡನ್ನು ಮಡಿಸಿ ಇಟ್ಟು ಹೊಲಿಯುತ್ತ ಸುತ್ತಲೂ ಬಂದು, ಸುತ್ತುಸುತ್ತಾಗಿ ಒಳಕ್ಕೆ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ಜೋಡಣೆ ಮತ್ತು ಪದರದ ಹೊಲಿಗೆ ಎರಡೂ ಒಂದೇ ದಾರದಲ್ಲಿ ಆಗಿಹೋಗುತ್ತವೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ಹೂವುಗಳನ್ನು ಹಚ್ಚದ ಕವಂದಿಯನ್ನು ಅವರು ಬೆತ್ತಲೆಯೆಂದು ಎಣಿಸುತ್ತಾರೆ. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಕಲೆಯನ್ನು ದಾಖಲಿಸಿದರು. ೨೦೦೪ರಲ್ಲಿ ಸಿದ್ದಿ ಹೆಂಗಸರ ಕವಂದಿ ಸಹಕಾರಿ ಸಂಘವೊಂದು ಏರ್ಪಟ್ಟಿತು. ಅಳತೆಪಟ್ಟಿಯಿಲ್ಲದೆ ಇಷ್ಟು ಸಾಧ್ಯವೆಂಬುದನ್ನು ಕಂಡ ವಿದ್ಯಾರ್ಥಿ ಅಳತೆಪಟ್ಟಿಯ ಉಪಯೋಗವನ್ನೂ ಮಿತಿಯನ್ನೂ ಸರಿಯಾಗಿ ಅರಿಯುತ್ತಾನೆ.

ಮನೆಗಳನ್ನು ಕೂಡಿಸಿದ ಮೇಲೆ ಪದರಗಳು. ಹಿಂಬದಿಯ ಸೀರೆಯನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಅಂಚುಗಳ ಮೇಲೆ ಭಾರವಿಟ್ಟು, ಅದರ ಮೇಲೆ ಎರಡು ಮೂರು ಹಳೆಯ ಬಟ್ಟೆಗಳನ್ನು, ಎಲ್ಲಕ್ಕೂ ಮೇಲೆ ಮನೆಗಳ ಹಾಸನ್ನು ಹರಡಿ, ಗೇಣಿಗೊಂದರಂತೆ ದೊಡ್ಡ ತಾತ್ಕಾಲಿಕ ಹೊಲಿಗೆಗಳನ್ನು ಹಾಕಬೇಕು. ಅನಂತರ ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಚಿಕ್ಕ ಹೊಲಿಗೆ. ಕಸೂತಿಯಲ್ಲಿ ನೇಗಿಯೆಂದು ಕರೆಯುವ, ಸೂಜಿ ಮೇಲೆ ಕೆಳಗೆ ಹಾಯುತ್ತ ಓಡುವ ಸರಳ ಹೊಲಿಗೆಯೇ ಇದು. ದಾರ ಮೊಳಕ್ಕಿಂತ ಉದ್ದವಿರಬಾರದು. ಉದ್ದವಾದರೆ ಗಂಟುಬೀಳುತ್ತದೆ, ಬಟ್ಟೆಯನ್ನು ಉಜ್ಜಿ ತಾನೂ ಸವೆಯುತ್ತದೆ. ಅಂಗುಸ್ತಾನವಿಲ್ಲದೆ ನಾಲ್ಕು ಪದರಗಳಲ್ಲಿ ಸೂಜಿ ದೂಡಹೊರಟವರ ಬೆರಳು ಮರುದಿನ ಲೇಖನಿಯನ್ನು ಹಿಡಿಯಲಾರದು. ಅಮೆರಿಕದ ಪುಸ್ತಕಗಳು ನಡುವಿನಿಂದ ಹೊರಕ್ಕೆ ಹೊಲಿಯಬೇಕೆನ್ನುತ್ತವೆ. ಕೌದಿಯನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ನಮಗೆ ತೋರುವ ಕಾರಣ ಇದು: ಅಲ್ಲಿ ಪದರಗಳ ನಡುವೆ ಸರಿದಾಡುವ ಅರಳೆಯಿದೆ, ಅದನ್ನು ಹೊರಕ್ಕೆ ತಳ್ಳಿಕೊಂಡು ಹೋಗಬೇಕು, ಇಲ್ಲಿ ಇರುವುದು ಸರಿದಾಡದ ಸೀರೆಯ ಮಡಿಕೆ, ಮೊದಲು ಭದ್ರಪಡಿಸಬೇಕಾದುದು ಎಳೆಬಿಡುವ ಅಂಚು. ಎರಡು ನಾಡಿನವರೂ ತಮ್ಮ ಸಾಮಗ್ರಿಗೆ ತಕ್ಕುದನ್ನೇ ಮಾಡಿದ್ದಾರೆ.

ಇಷ್ಟನ್ನು ಕೈಯಾರೆ ಮಾಡಿದ ವಿದ್ಯಾರ್ಥಿಯ ಮುಂದೆ ಹಳೆಯ ಕೌದಿಯೊಂದನ್ನು ಹರಡಿದರೆ ಅದು ಮಾತನಾಡತೊಡಗುತ್ತದೆ. ಸವೆದ ಕೌದಿಯನ್ನು ಎಸೆಯದೆ ಅದನ್ನೇ ಒಳಪದರವಾಗಿಟ್ಟು ಹೊಸದನ್ನು ಹೊಲಿಯುವ ವಾಡಿಕೆಯಿರುವುದರಿಂದ, ಹರಿದ ಜಾಗದಲ್ಲಿ ಇಣುಕಿದರೆ ಒಂದರ ಕೆಳಗೊಂದು ಎರಡು ತಲೆಮಾರುಗಳ ಬಟ್ಟೆ ಕಾಣುವುದುಂಟು. ಉತ್ಖನನದ ಸ್ತರಗಳಿಗೆ ಅನ್ವಯಿಸುವ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ: ಒಂದು ಪದರದಲ್ಲಿರುವ ಅತಿ ಹೊಸ ಬಟ್ಟೆಗಿಂತ ಆ ಪದರ ಹಳೆಯದಾಗಿರಲಾರದು. ಪಾಲಿಯೆಸ್ಟರ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು ೧೯೪೧ರಲ್ಲಿ. ಅದರ ಒಂದು ತುಂಡಿದ್ದರೂ ಅಜ್ಜಿಯ ಅಜ್ಜಿಯ ಕೌದಿಯೆಂಬ ಮನೆಯವರ ಮಾತನ್ನು ಪರೀಕ್ಷಿಸಬೇಕಾಗುತ್ತದೆ. ಆದರೆ ಆ ತುಂಡು ಮೂಲ ಹೊಲಿಗೆಯದೋ ಮುಂದೆ ಹಾಕಿದ ತೇಪೆಯೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಸುತ್ತಲಿನ ಹೊಲಿಗೆಯ ಸಾಲು ತುಂಡಿನ ಮೇಲೆ ತಡೆಯಿಲ್ಲದೆ ಹಾದು ಹೋಗಿದ್ದರೆ ಅದು ಮೂಲದ್ದು. ಸಾಲು ತುಂಡಿನ ಕೆಳಗೆ ಅಡಗಿದ್ದರೆ ತೇಪೆ. ಸಾಲನ್ನು ತಾನೇ ಹೊಲಿಯದವನಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಇಳಕಲ್ಲಿನ ಸೀರೆಯ ಸೆರಗನ್ನು ಒಡಲಿಗೆ ಕೊಂಡಿಹಾಕಿ ಕೂಡಿಸುವ ಜಾಗ, ಧೋತರದ ಅಂಚು, ಶಾಲೆಯ ಸಮವಸ್ತ್ರದ ನೀಲಿ, ಕಾರ್ಖಾನೆಯ ನಿಲುವಂಗಿ ಇವೆಲ್ಲ ಒಂದು ಮನೆತನದ ಲೆಕ್ಕಪತ್ರಗಳು.

ಒಂದು ಲೆಕ್ಕ ಮಾತ್ರ ಸಿಗುವುದಿಲ್ಲ, ಹೊಲಿದವರದು. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ಕೆಲಸದ ಉಡುಪಿನ ಹರಕಿನಿಂದ ಹೊಲಿದ ಹೊದಿಕೆಗಳನ್ನು ೨೦೦೨ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. ೨೦೦೬ರಲ್ಲಿ ಅವು ಅಂಚೆಚೀಟಿಗಳ ಮೇಲೆಯೂ ಬಂದವು. ಅಲ್ಲಿ ಪ್ರತಿ ಹೊದಿಕೆಗೂ ಹೊಲಿದವಳ ಹೆಸರಿದೆ. ಆನಿ ಮೇ ಯಂಗ್ ಎಂಬಾಕೆ ೧೯೭೬ರಲ್ಲಿ ಹೊಲಿದದ್ದು ಜಗತ್ಪ್ರಸಿದ್ಧವಾಯಿತು. ನಮ್ಮಲ್ಲಿ ಎಷ್ಟೋ ಕೌದಿಗಳು ಜಿಲ್ಲೆಯ ಹೆಸರನ್ನು ಮಾತ್ರ ಹೊತ್ತು ಕುಳಿತಿವೆ. ಆದುದರಿಂದ ಕಲಿಯುವವರು ಹೊಲಿದ ಪ್ರತಿ ಹೊದಿಕೆಯ ಹಿಂಬದಿಯ ಮೂಲೆಗೆ ಅಂಗೈಯಗಲದ ಬಿಳಿಯ ಬಟ್ಟೆಯೊಂದನ್ನು ಹಚ್ಚಿ, ಅದರ ಮೇಲೆ ತಮ್ಮ ಹೆಸರು, ಹುಟ್ಟಿದ ಊರು, ಈಗಿರುವ ಬಡಾವಣೆ, ವರ್ಷ, ಮುಖ್ಯವಾದ ತುಂಡುಗಳು ಯಾರ ಬಟ್ಟೆಯವು ಎಂಬುದನ್ನು ದಾರದಿಂದಲೇ ಬರೆಯಬೇಕು. ಶಾಯಿ ಒಗೆತಕ್ಕೆ ನಿಲ್ಲುವುದಿಲ್ಲ. ಅಕ್ಷರಗಳನ್ನು ಸೀಸದ ಕಡ್ಡಿಯಿಂದ ಬರೆದುಕೊಂಡು, ಪ್ರತಿ ಸಲವೂ ಸೂಜಿಯನ್ನು ಅರ್ಧ ಹೊಲಿಗೆಯಷ್ಟು ಹಿಂದಕ್ಕೆ ತಂದು ಹೊಲಿದರೆ ಕನ್ನಡದ ದುಂಡು ಅಕ್ಷರಗಳು ಚೆನ್ನಾಗಿ ಮೂಡುತ್ತವೆ. ಒತ್ತಕ್ಷರಗಳಿಗೆ ಮಾತ್ರ ಜಾಗವನ್ನು ಮೊದಲೇ ಬಿಟ್ಟಿರಬೇಕು. ತೀರಿಕೊಂಡವರ ಹೆಸರನ್ನು ಹೊದೆಯುವ ಬಟ್ಟೆಯ ಮೇಲೆ ಬರೆಯಲು ಹಿಂಜರಿಯುವವರಿದ್ದಾರೆ. ಅಂಥವರು ತಾಯಿಯ ಸೀರೆ ಎಂದಷ್ಟೇ ಬರೆದು, ತಾಯಿಯ ಊರಿನ ಹೆಸರನ್ನು ಸೇರಿಸಿದರೆ ಸಾಕು.